ಮಂಡಿ ಮಡಿಚುವಷ್ಟು ಬಿಸಿನೀರು

೧. ಇಂಜಿನ್ ನೀರು

ಡೀಸೆಲ್ ಇಂಜಿನ್ ಬಂದು ನಿಂತಿತು. ನಮ್ಮ ಮನೆಯವಳು ಖಾಲಿ ಬಕೀಟು ಹಿಡಿದು ಹೋಗಿ ಅದರ ಪಕ್ಕ ನಿಂತಳು.

ತೊಂಬತ್ತರ ದಶಕದ ಮಾತು. ಚಿಕ್ಕಜಾಜೂರು ಜಂಕ್ಷನ್. ನಾನು ಅಲ್ಲಿ ಪಾಯಿಂಟ್ಸ್‌ಮನ್. ಹಳಿ ಬದಲಾಯಿಸುವುದು, ಡಬ್ಬಿ ಜೋಡಿಸುವುದು, ಬಾವುಟ ತೋರಿಸುವುದು ನನ್ನ ಕೆಲಸ. ಅದಕ್ಕೆ ಮಾತು ಬೇಕಿರಲಿಲ್ಲ. ಕೆಂಪು, ಹಸಿರು ಸಾಕಿತ್ತು. ಮನೆಯಲ್ಲೂ ನಾನು ಅಷ್ಟರಲ್ಲೇ ಸಂಸಾರ ಮಾಡಿದೆ ಎಂದು ಅವಳ ದೂರು.

ಅಲ್ಲಿಯ ತನಕ ಬರುತ್ತಿದ್ದುದು ಉಗಿ ಇಂಜಿನ್. ಹಳಿಯ ಪಕ್ಕದಲ್ಲೇ ನಮ್ಮ ಕ್ವಾರ್ಟರ್ಸ್. ಇಂಜಿನ್ ನಿಂತಾಗ ಹೆಂಗಸರು ಬಕೀಟು ಹಿಡಿದು ಹೋಗುವರು. ಫೈರ್‌ಮನ್ ಒಂದು ತಿರುಪು ತಿರುವಿ ಕುದಿಯುವ ನೀರು ಬಿಡುವನು. ಸೌದೆ ಬೇಡ, ಹೊಗೆ ಬೇಡ.

ಆ ನೀರಿನಲ್ಲಿ ಮೊದಲ ಪಾಲು ಬಾಣಂತಿಯರ ಮನೆಗೆ. ಕ್ವಾರ್ಟರ್ಸ್‌ನಲ್ಲಿ ಯಾರಿಗೆ ಮಗುವಾದರೂ ನೀರು ಹಾಕುವವಳು ನಮ್ಮ ಮನೆಯವಳೇ. ಬಚ್ಚಲಲ್ಲಿ ಮಣೆ ಹಾಕಿ ಕೂತು ಕಾಲು ಚಾಚುವಳು. ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕುವಳು. ಮೂಗು ನೀವಿ, ನೆತ್ತಿ ತಟ್ಟಿ, ಚೊಂಬಿನಲ್ಲಿ ಬಿಸಿನೀರು ಹುಯ್ಯುವಳು. ಊರು ಕೇಳುವ ಹಾಗೆ ಕಿರುಚುತ್ತಿದ್ದ ಕೂಸು ಕೊನೆಗೆ ಅವಳ ಕಾಲ ಮೇಲೇ ನಿದ್ದೆ ಹೋಗುತ್ತಿತ್ತು. ಸ್ಟೇಷನ್ ಮಾಸ್ಟರ ಮಗ, ಗ್ಯಾಂಗ್‌ಮನ್ ಮಗಳು, ಟೀ ಅಂಗಡಿಯವನ ಅವಳಿಗಳು, ಎಲ್ಲರೂ ಅಲ್ಲಿ ಮಲಗಿ ಎದ್ದವರೇ.

ಡೀಸೆಲ್ ಇಂಜಿನ್ನಿನ ಡ್ರೈವರ್ ಹೊಸಬ. ಮೇಲಿನಿಂದ ಬಗ್ಗಿ, "ಏನಮ್ಮ?" ಎಂದ.

"ಬಿಸಿನೀರು ಬಿಡಪ್ಪ. ಮಗೂಗೆ ಹಾಕ್ಬೇಕು."

"ಇದ್ರಾಗೆ ಬಿಸಿನೀರು ಬರಲ್ಲಮ್ಮ. ಇದು ಎಣ್ಣೆ ಇಂಜಿನ್ನು."

"ಎಣ್ಣೆ ನಮ್ಮನ್ಯಾಗೆ ಐತೆ. ನೀನು ನೀರು ಬಿಡು."

"ಇಲ್ಲಮ್ಮ, ನೀರು ಬಿಡಾಕೆ ಬರಲ್ಲ."

ಅವಳು ಇಂಜಿನ್ನನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಒಂದು ಮನೆಯಷ್ಟು ಐತೆ. ಒಂದು ಕೂಸಿಗೆ ಆಗೋಷ್ಟು ನೀರು ಕಾಸಾಕೆ ಬರಲ್ಲ. ಮತ್ತೆ ಯಾತಕ್ಕೆ ಬಂತು ಇದು?"

ಡ್ರೈವರ್ ನನ್ನ ಕಡೆ ನೋಡಿದ. ಸಿಗ್ನಲ್ ಬಿದ್ದಿತ್ತು. ನಾನು ಹಸಿರು ಬಾವುಟ ತೋರಿಸಿದೆ. ಅಷ್ಟು ಬೇಗ ಹೊರಟ ಗಾಡಿಯನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ.

೨. ಡಾಕ್ಟರ ಸಲಹೆ

ರಿಟೈರಾದ ಮೇಲೆ ಹೊಳಲ್ಕೆರೆಯಲ್ಲಿ ಮನೆ ಮಾಡಿದೆವು. ಅಷ್ಟರಲ್ಲಿ ಅವಳ ಮಂಡಿ ಹಿಡಿದುಕೊಂಡಿತ್ತು. ನಿಲ್ಲುವಳು, ನಡೆಯುವಳು. ನೆಲಕ್ಕೆ ಕೂರಲು ಆಗದು. ಕುರ್ಚಿ ಮೇಲೆ ಕೂತೇ ಕಾಳು ಆರಿಸುವಳು, ಕುರ್ಚಿ ಮೇಲೆ ಕೂತೇ ಉಣ್ಣುವಳು.

ಹೊಸದುರ್ಗಕ್ಕೆ ಕೊಟ್ಟ ಮಗಳು ಬಸುರಿ ಎಂದು ಫೋನ್ ಬಂತು. ಚೊಚ್ಚಲು. ಬಾಣಂತನ ತವರಿನಲ್ಲೇ ಆಗಬೇಕು. ಫೋನ್ ಇಟ್ಟವಳು ದೇವರ ಮನೆಗೆ ಹೋಗಲಿಲ್ಲ. ಬಚ್ಚಲಿಗೆ ಹೋದಳು. ಮಣೆ ಹಾಕಿ, ಗೋಡೆ ಹಿಡಿದು ಕೂರಲು ನೋಡಿದಳು. ಅರ್ಧಕ್ಕೆ ನಿಂತಳು. ಕೆಳಕ್ಕೂ ಹೋಗಲಾಗಲಿಲ್ಲ, ಮೇಲಕ್ಕೂ ಬರಲಾಗಲಿಲ್ಲ.

"ರೀ" ಎಂದಳು.

ನಾನು ಹೋಗಿ ಎತ್ತಿ ನಿಲ್ಲಿಸಿದೆ.

"ಕಂಡೋರ ಮಕ್ಕಳಿಗೆಲ್ಲ ನೀರು ಹಾಕ್ದೆ. ನನ್ನ ಮೊಮ್ಮಗೂಗೆ ಹಾಕಾಕೆ ಆಗ್ದಂಗಾತಲ್ಲ" ಎಂದಳು. ಆವತ್ತು ಉಪ್ಪಿಲ್ಲದ ಸಾರು. ನಾನು ಉಂಡೆ.

ಚಿತ್ರದುರ್ಗದಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಮಂಡಿ ಒತ್ತಿ, ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು.

"ಇನ್ನು ಮುಂದೆ ನೆಲದ ಮೇಲೆ ಕೂರಬೇಡಿ" ಎಂದರು.

"ಕೂರಾಕೆ ಆಗಲ್ಲ ಅಂತಾನೇ ಬಂದಿರೋದು ಸಾರ್."

"ಕೂರಲೇಬೇಕು ಅಂತ ಏನಿದೆ?"

"ಮಗೂಗೆ ನೀರು ಹಾಕ್ಬೇಕು."

"ಕುರ್ಚಿ ಮೇಲೆ ಕೂತು ಹಾಕಿ."

"ಜಾರಿ ಬಿದ್ರೆ ಹಿಡ್ಕಳಾಕೆ ನೀವು ಬರ್ತೀರಾ?"

ಡಾಕ್ಟರು ಕನ್ನಡಕ ತೆಗೆದರು. ನನ್ನನ್ನು ತೋರಿಸಿ, "ಯಜಮಾನರು ಏನಂತಾರೆ?" ಎಂದರು.

"ಅವರು ಏನೂ ಅನ್ನಲ್ಲ. ಮದುವೆ ಆದಾಗ್ಲಿಂದ ನಾನೂ ಕಾಯ್ತಾನೇ ಇದೀನಿ."

ಡಾಕ್ಟರು ಮುಲಾಮು ಬರೆದರು. ಬಿಸಿನೀರಿನಲ್ಲಿ ಮಂಡಿ ಚೆನ್ನಾಗಿ ನೆನೆಸಿ, ಸ್ವಲ್ಪ ಹಗುರಾಗಬಹುದು ಎಂದರು. ಮುಲಾಮಿನ ಮಾತು ಅವಳ ಕಿವಿಗೆ ಬೀಳಲಿಲ್ಲ. ಬಿಸಿನೀರಿನ ಮಾತು ಬಿತ್ತು.

ಆ ವಾರ ಅಳಿಯ ಫೋನ್ ಮಾಡಿದ. ಒಳ್ಳೆಯ ಹುಡುಗ. "ಅತ್ತೆ, ನೀವು ಮಂಡಿ ಚಿಂತೆ ಮಾಡ್ಬ್ಯಾಡ್ರಿ. ದಾವಣಗೆರೆಯಾಗೆ ಮಗೂಗಂತಾನೇ ಪ್ಲಾಸ್ಟಿಕ್ ಟಬ್ ಸಿಗ್ತೈತೆ. ನೀರು ತುಂಬಿ ಅದ್ರಾಗೆ ಬಿಟ್ರಾತು."

ಇವಳು ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಕೂಸು ಏನು ಕೊತ್ತಂಬರಿ ಸೊಪ್ಪೇನ್ರಿ, ಅದ್ದಿ ಅಲುಗಾಡಿಸಿ ತೆಗೆಯಾಕೆ?"

೩. ಐಮಂಗಲದ ಗಂಗವ್ವ

ನನ್ನ ಭಾವಮೈದನ ಹೊಲ ಐಮಂಗಲದ ಹತ್ತಿರ. ಅಕ್ಕನ ಮಂಡಿಯ ಸುದ್ದಿ ಕೇಳಿ ಓಡಿ ಬಂದ.

"ಅಕ್ಕಾ, ನಮ್ಮ ಪಕ್ಕದ ಹೊಲದ ಬೋರಿನಾಗೆ ಬಿಸಿನೀರು ಬರ್ತೈತೆ. ಗಂಗವ್ವನ ಮಹಿಮೆ. ಹಿರಿಯೂರಿಂದೆಲ್ಲ ಜನ ಬಂದು ಕೈಕಾಲು ತೋಯಿಸ್ಕಂಡು ಹೋಗ್ತಾರೆ. ನಡಿ, ಹೋಗಾಣ."

ಹೋದೆವು. ಬೇಸಿಗೆ. ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಬೇವಿನ ಮರದ ಕೆಳಗೆ ಜನ. ಸೊಂಟದವರು ಒಂದು ಕಡೆ, ಮಂಡಿಯವರು ಒಂದು ಕಡೆ. ಎಲ್ಲರೂ ಕರೆಂಟಿಗೆ ಕಾಯುತ್ತಿದ್ದರು.

ಕರೆಂಟು ಬಂತು. ಪೈಪಿನ ಬಾಯಲ್ಲಿ ನೀರು ಬಂತು. ದೂರದಿಂದ ಬಂದವಳು ಎಂದು ಮೊದಲ ಸರದಿ ಇವಳಿಗೇ ಬಿಟ್ಟರು. ಚಪ್ಪಡಿ ಮೇಲೆ ಕೂರಿಸಿದೆ. ಚೊಂಬಿನಲ್ಲಿ ಹಿಡಿದು ಮಂಡಿಗೆ ಹುಯ್ದೆ.

"ಹಾ" ಎಂದಳು. ನಿಜವಾಗಿಯೂ ಬಿಸಿ. ಕೈ ತಾಳದಷ್ಟು. ಅವಳು ಕಣ್ಣು ಮುಚ್ಚಿದಳು. ನಾನು ಹುಯ್ಯುತ್ತಾ ಹೋದೆ. ಬಿಸಿ ಹೋಗಿ ಬೆಚ್ಚಗಾಯಿತು. ಬೆಚ್ಚಗಿದ್ದದ್ದು ತಣ್ಣಗಾಯಿತು. ಆಮೇಲೆ ಕೊರೆಯತೊಡಗಿತು.

ಅವಳು ಕಣ್ಣು ಬಿಟ್ಟಳು. ನೀರು ನೋಡಲಿಲ್ಲ, ಪೈಪು ನೋಡಿದಳು. ಕರೀ ಪೈಪು. ಹೊಲದ ಉದ್ದಕ್ಕೂ ಬಿಸಿಲಲ್ಲಿ ಮಲಗಿತ್ತು.

"ಲೇ ತಮ್ಮಾ, ಬೋರು ಎಲ್ಲೈತೆ?"

"ಆ ಮೂಲ್ಯಾಗೆ ಅಕ್ಕ."

"ಈ ಪೈಪು ಬೆಳಗ್ಗಿಂದ ಹಿಂಗೇ ಬಿದ್ದೈತಾ?"

"ಹೂಂ ಅಕ್ಕ."

"ಒಳಗೆ ನೀರು ನಿಂತಿರ್ತೈತಾ?"

ಭಾವಮೈದ ತಲೆ ಕೆರೆದುಕೊಂಡ. ಅವನಿಗೂ ಆಗಲೇ ಹೊಳೆದಿರಬೇಕು. ಸೊಂಟದವರು, ಮಂಡಿಯವರು ಎಲ್ಲರೂ ಪೈಪನ್ನೇ ನೋಡುತ್ತಿದ್ದರು.

ಹಿಂದಿನಿಂದ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಇವಳ ಮುಂದೆ ನಿಂತು ಕೈ ಮುಗಿದ.

"ತಾಯೀ, ನನ್ನ ಸೊಂಟ ಹೋದ ವಾರ ಈ ನೀರಿಗೇ ವಾಸಿ ಆಗೈತೆ. ಈಗ ಹೇಳಿ ಮತ್ತೆ ನೋಯಿಸಬ್ಯಾಡ."

೪. ಪೀಛೆ

ನನ್ನ ಜೊತೆ ಕೆಲಸ ಮಾಡಿದ ಗಾರ್ಡ್ ಒಬ್ಬ ಹೇಳಿದ: ಕೊಂಕಣದ ಕಡೆ, ಮಹಾರಾಷ್ಟ್ರದಲ್ಲಿ, ನೆಲದಿಂದಲೇ ಬಿಸಿನೀರು ಉಕ್ಕುವ ಬುಗ್ಗೆ ಇದೆ. ಪಕ್ಕದಲ್ಲೇ ರೆಸಾರ್ಟ್ ಕಟ್ಟಿದ್ದಾರೆ. ತೊಟ್ಟಿಯಲ್ಲಿ ಕೂತರೆ ಮೂಳೆ ಬೆಣ್ಣೆಯಾಗುತ್ತದೆ.

ನನ್ನ ರೈಲ್ವೆ ಪಾಸ್ ಇತ್ತು. ಹೊರಟೆವು. ರೆಸಾರ್ಟ್ ಎಂದರೆ ಏನು ಎಂದು ದಾರಿಯಲ್ಲಿ ಕೇಳಿದಳು. ನನಗೂ ಗೊತ್ತಿರಲಿಲ್ಲ. "ನೋಡಾಣ" ಎಂದೆ.

ಟೈಲ್ಸ್ ಹಾಕಿದ ದೊಡ್ಡ ತೊಟ್ಟಿ. ಒಂದು ಬದಿಯ ಕಲ್ಲಿನ ಬಾಯಿಂದ ಬುಗ್ಗೆಯ ನೀರು ಬೀಳುತ್ತಿತ್ತು. ಹಬೆ ಏಳುತ್ತಿತ್ತು. ಇದು ಸುಳ್ಳಲ್ಲ, ಪೈಪೂ ಇರಲಿಲ್ಲ. ಅವಳು ಅದನ್ನು ಮೊದಲು ನೋಡಿಕೊಂಡಳು. ತೊಟ್ಟಿಯೊಳಗೆ ಗಂಡಸರು, ಹೆಂಗಸರು ಕುತ್ತಿಗೆ ತನಕ ಮುಳುಗಿ ಕಣ್ಣು ಮುಚ್ಚಿ ಕೂತಿದ್ದರು. ಕೆರೆಗೆ ಬಿದ್ದ ಎಮ್ಮೆಗಳ ಹಾಗೆ.

"ಎಲ್ರೂ ಒಂದೇ ನೀರಾಗೆ ಕುಂತವರೆ" ಎಂದಳು.

"ಹೂಂ."

"ಅವರ ಬೆವರು, ಮೈಕೊಳೆ ಎಲ್ಲ ಅಲ್ಲೇ ಐತೆ. ಇದನ್ನ ಸ್ನಾನ ಅಂತಾರಾ?"

ನಮ್ಮ ಕಡೆ ಮೈಮೇಲೆ ಬಿದ್ದ ನೀರು ಬಚ್ಚಲು ದಾಟಿ ತೆಂಗಿನ ಬುಡಕ್ಕೆ ಹೋಗುತ್ತದೆ. ಅದು ತಿರುಗಿ ನಮ್ಮ ಹತ್ತಿರ ಬರುವ ರೂಢಿ ಇಲ್ಲ. ಅವಳು ಚೀಲ ಬಿಚ್ಚಿ ಚೊಂಬು ತೆಗೆದಳು. ಕಲ್ಲಿನ ಬಾಯಿಯ ಪಕ್ಕದ ಕಟ್ಟೆ ಮೇಲೆ ಕೂತು, ಬೀಳುವ ನೀರು ಹಿಡಿದು ಮಂಡಿಗೆ ಹುಯ್ದುಕೊಳ್ಳತೊಡಗಿದಳು. ನೀರು ಹರಿದು ದಾರಿಗೆ ಬಂತು. ಒಬ್ಬರು ಜಾರಿದರು. ಬೀಳಲಿಲ್ಲ.

ಮ್ಯಾನೇಜರ್ ಓಡಿ ಬಂದ. "ಅಮ್ಮಾ, ಅಂದರ್ ಬೈಠೋ, ಅಂದರ್" ಎಂದು ತೊಟ್ಟಿ ತೋರಿಸಿದ.

"ನೀನೇ ಕುಂತ್ಕಳಪ್ಪ" ಎಂದಳು.

ಅವನು ನನ್ನ ಹತ್ತಿರ ಬಂದ. ಏನೇನೋ ಹಿಂದಿಯಲ್ಲಿ ಹೇಳಿದ. ನನಗೆ ಬರುವುದು ಡಬ್ಬಿ ಜೋಡಿಸುವಾಗ ಕೂಗುವ ಹಿಂದಿ.

"ಪೀಛೆ" ಎಂದೆ.

ಅವನು ಒಂದು ಹೆಜ್ಜೆ ಹಿಂದೆ ಹೋದ.

"ಪೀಛೆ, ಪೀಛೆ."

ಇನ್ನೂ ಹೋದ.

"ಬಸ್."

ಗೋಡೆಗೆ ಬೆನ್ನು ತಾಗಿ ನಿಂತ. ಡಬ್ಬಿ ಕೂಡ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.

೫. ತೊಟ್ಟಿಗೆ ಕುಂಕುಮ

ಚೊಂಬಿನ ನೀರು ಮಂಡಿ ಮುಟ್ಟಿ ಹರಿದು ಹೋಗುತ್ತಿತ್ತು. ಬಿಸಿ ಒಳಗಿಳಿಯಲಿಲ್ಲ. ನೀರಲ್ಲಿ ಕೂತರೇ ಆಗುವುದು ಎಂದು ಅವಳಿಗೂ ಅರ್ಥವಾಯಿತು. ಸಂಜೆಯೆಲ್ಲ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಮನೆಯಲ್ಲಿ ಇಬ್ಬರೂ ಮಾತಾಡದಂತೆ. ಅದು ನನಗೆ ಅಭ್ಯಾಸವಿಲ್ಲ.

ಬೆಳಗ್ಗೆ ಎದ್ದವಳು ಅರಿಸಿನ ಕುಂಕುಮದ ಡಬ್ಬಿ ಹಿಡಿದು ತೊಟ್ಟಿಗೆ ಹೋದಳು. ಇನ್ನೂ ಯಾರೂ ಬಂದಿರಲಿಲ್ಲ.

ದೀಪಾವಳಿಯಲ್ಲಿ ನೀರು ತುಂಬುವ ದಿನ ನಮ್ಮಲ್ಲಿ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕುತ್ತಿಗೆಗೆ ಬಳ್ಳಿ ಸುತ್ತಿ ಪೂಜೆ ಮಾಡುತ್ತಾರೆ. ಅವಳು ಆ ತೊಟ್ಟಿಗೂ ಅದನ್ನೇ ಮಾಡಿದಳು. ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಇಟ್ಟಳು. ನನ್ನನ್ನು ಹೂವಿಗೆ ಕಳಿಸಿದಳು. ರೆಸಾರ್ಟಿನ ಕುಂಡದಿಂದಲೇ ಕಿತ್ತುಕೊಟ್ಟೆ. ಊದುಬತ್ತಿ ಹಚ್ಚಿದಳು.

"ಈಗ ಇವಳು ಗಂಗವ್ವ" ಎಂದಳು. "ಗಂಗವ್ವಗೆ ಮೈಲಿಗೆ ಇಲ್ಲ. ಈಗ ಕುಂತ್ಕಬಹುದು."

ಸೆರಗು ಕಟ್ಟಿಕೊಂಡು ಕಾಲು ಎತ್ತಿದಳು. ಕಾಲು ಅಲ್ಲೇ ನಿಂತಿತು.

"ಏನೇ?"

"ಈಗಿನ್ನೂ ಕುಂಕುಮ ಇಟ್ಟೀನಿ. ಹೆಂಗ್ರಿ ತುಳೀಲಿ?"

ಅಷ್ಟರಲ್ಲಿ ಟವೆಲ್ ಹೊದ್ದುಕೊಂಡು ಜನ ಬರತೊಡಗಿದರು. ಮುಂದೆ ಬಂದ ಮರಾಠಿ ಹೆಂಗಸರು ಕುಂಕುಮ ನೋಡಿದವರೇ ಚಪ್ಪಲಿ ಬಿಟ್ಟು ಕೈ ಮುಗಿದರು. ಅವರಲ್ಲೊಬ್ಬಳು ರೂಮಿಗೆ ಹೋಗಿ ತೆಂಗಿನಕಾಯಿ ತಂದಳು. ಚಡ್ಡಿಯಲ್ಲಿದ್ದ ಒಬ್ಬ ದೊಡ್ಡ ಮನುಷ್ಯ ಟವೆಲ್ಲನ್ನು ತಲೆ ಮೇಲೆ ಹಾಕಿಕೊಂಡು ಪ್ರದಕ್ಷಿಣೆ ಬಂದ. ತೊಟ್ಟಿಯ ಸುತ್ತ ಜನವೋ ಜನ. ಒಳಗೆ ಒಬ್ಬರೂ ಇಲ್ಲ.

ಮ್ಯಾನೇಜರ್ ಬಂದು ನೋಡಿ ತಲೆ ಮೇಲೆ ಕೈ ಇಟ್ಟ. ಆಮೇಲೆ ಅದೇ ಕೈ ಮುಗಿದ. ತೊಟ್ಟಿಗೋ ಇವಳಿಗೋ ತಿಳಿಯಲಿಲ್ಲ.

"ಹೇಳ್ರಿ ಅವನಿಗೆ, ಇಳಿಯಾಕೆ ಏನಾದ್ರೂ ದಾರಿ ನೋಡ್ತೀನಿ ಅಂತ" ಎಂದಳು. ಅಷ್ಟು ಹಿಂದಿ ನನ್ನಲ್ಲಿರಲಿಲ್ಲ. "ಬಸ್" ಎಂದೆ. ಅವನು ನಿಂತ.

ಅವಳು ನನ್ನ ತೋಳು ಹಿಡಿದು ಆದಷ್ಟು ಬಗ್ಗಿದಳು. ಅಂಗೈಯಲ್ಲಿ ನೀರು ತೆಗೆದು ಮೊದಲು ತಲೆಗೆ ಚಿಮುಕಿಸಿಕೊಂಡಳು.

"ತಾಯೀ, ಕಾಲು ಇಡ್ತೀನಿ. ತಪ್ಪು ತಿಳ್ಕಬ್ಯಾಡ. ಮಗಳ ಮಗೂಗೆ ನೀರು ಹಾಕ್ಬೇಕು, ಮಂಡಿ ಮಡಿಚ್ತಿಲ್ಲ. ನೀನೂ ಹೆಣ್ಣೇ, ನಿನಗೆ ಗೊತ್ತಾಗ್ತೈತೆ."

ಬಲಗಾಲಿಟ್ಟು ಇಳಿದಳು. ಮಿಕ್ಕವರೂ ತಲೆಗೆ ಚಿಮುಕಿಸಿಕೊಂಡು ಒಬ್ಬೊಬ್ಬರಾಗಿ ಇಳಿದರು. ಮ್ಯಾನೇಜರ್ ಕೂಡ ತಲೆಗೆ ನೀರು ಹಾಕಿಕೊಂಡ. ಅವನು ಇಳಿಯಲಿಲ್ಲ, ಪ್ಯಾಂಟಿನಲ್ಲಿದ್ದ.

ನಾನು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೆಲ್ಲಗೆ ತಗ್ಗಿದಳು. ನೀರು ಎದೆಗೆ ಬಂತು, ಭುಜಕ್ಕೆ ಬಂತು. ಅವಳ ಮುಖ ಬದಲಾಯಿತು.

"ರೀ, ನೋಡ್ರಿ. ಕುಂತೆ."

ತೊಟ್ಟಿಯ ತಳದಲ್ಲಿ ನೆಲಕ್ಕೆ ಕೂತಿದ್ದಳು. ಕಾಲು ಚಾಚಿದ್ದಳು. ಎಷ್ಟೋ ವರ್ಷದ ಮೇಲೆ. ಅವಳ ಕೈ ನೀರೊಳಗೆ ಕಾಲ ಮೇಲೆ ಹೋಗಿ ಬರುತ್ತಿತ್ತು. ನೀವುತ್ತಿತ್ತು, ತಟ್ಟುತ್ತಿತ್ತು. ಕಾಲ ಮೇಲೆ ಏನೂ ಇರಲಿಲ್ಲ. ನಾನು ಗುಡ್ಡದ ಕಡೆ ನೋಡಿದೆ. ಹಬೆ ಕಣ್ಣಿಗೆ ಬರುತ್ತಿತ್ತು.

ಇದ್ದಷ್ಟು ದಿನವೂ ಹಾಗೇ ಕೂತಳು. ಹೊರಡುವಾಗ ಮ್ಯಾನೇಜರ್ ಕುಂಕುಮದ ಡಬ್ಬಿ ಕೇಳಿ ಇಟ್ಟುಕೊಂಡ.

ರೈಲು ಹುಬ್ಬಳ್ಳಿ ದಾಟುವಷ್ಟರಲ್ಲಿ ಮಂಡಿ ಮತ್ತೆ ಹಳೇ ಮಂಡಿ. ಚಿಕ್ಕಜಾಜೂರಿನಲ್ಲಿ ಎತ್ತಿಯೇ ಇಳಿಸಬೇಕಾಯಿತು. ಪ್ಲಾಟ್‌ಫಾರಂ ಮೇಲೆ ನಿಂತು ಹೇಳಿದಳು:

"ನೀರಾಗಿದ್ರೆ ಮಡಿಚ್ತೈತೆ, ನೆಲಕ್ಕೆ ಬಂದ್ರೆ ಮಡಿಚಲ್ಲ. ನಾನೇನು ಕಪ್ಪೇನಾ?"

೬. ಬುಗ್ಗೆ

ಗಂಡು ಮಗು. ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಅಳಿಯ ಟಬ್ ತಂದ. ನೀಲಿ ಬಣ್ಣ. ಒಳಗೆ ಬಾತುಕೋಳಿ ಚಿತ್ರ. ಬಚ್ಚಲ ಬಾಗಿಲಲ್ಲಿ ಇಟ್ಟು, "ಅತ್ತೆ, ಇದ್ರಾಗೆ ಆರಾಮಾಗಿ ಹಾಕಬಹುದು" ಎಂದ.

ಅವಳು ಬೈಯಲಿಲ್ಲ. ಕೊತ್ತಂಬರಿ ಸೊಪ್ಪಿನ ಮಾತೂ ಬರಲಿಲ್ಲ. "ಹೂಂ ಕಣಪ್ಪ" ಎಂದಳು. ಅವಳ ಬಾಯಲ್ಲಿ ನನ್ನ ಮಾತು ಬಂದದ್ದು ನನಗೆ ಸರಿ ಕಾಣಲಿಲ್ಲ.

ಹೊತ್ತಾರೆಯಿಂದಲೇ ತೆಂಗಿನ ಸಿಪ್ಪೆ ಒಟ್ಟಿ ಹಂಡೆ ಕಾಸಿದ್ದಳು. ಎಣ್ಣೆ ಬೆಚ್ಚಗೆ ಮಾಡಿಟ್ಟಿದ್ದಳು. ಕಡಲೆಹಿಟ್ಟು ಕಲಸಿಟ್ಟಿದ್ದಳು. ಬಚ್ಚಲಲ್ಲಿ ಮಣೆಯನ್ನೂ ಹಾಕಿದ್ದಳು. ಕೂರುವವರಿಲ್ಲದ ಮಣೆ. ಕೈ ತನ್ನಷ್ಟಕ್ಕೆ ಹಾಕಿರಬೇಕು.

ನಾನು ಅಂಗಿ ತೆಗೆದೆ. ಪಂಚೆ ಮೇಲೆ ಕಟ್ಟಿದೆ. ಹೋಗಿ ಮಣೆ ಮೇಲೆ ಕೂತು ಕಾಲು ಚಾಚಿದೆ. ಡಬ್ಬಿಗಳ ನಡುವೆ ಬಗ್ಗಿ ಎದ್ದು ಮಾಡಿದ ಮಂಡಿ. ಇನ್ನೂ ಚೆನ್ನಾಗಿದೆ.

"ತಗಂಬಾ" ಎಂದೆ.

ಮೂವರೂ ನನ್ನ ಕಡೆ ತಿರುಗಿದರು.

"ಮಾವಾ, ನೀವಾ?" ಎಂದ ಅಳಿಯ.

"ಅಪ್ಪಾ, ನಿನಗೆ ಮಗು ಎತ್ಕಳಾಕೇ ಬರಲ್ಲ" ಎಂದಳು ಮಗಳು.

"ಸುಮ್ಕಿರೇ" ಎಂದಳು ಅವರಮ್ಮ. ಸ್ಟೂಲು ಎಳೆದು ನನ್ನ ಪಕ್ಕಕ್ಕೆ ಹಾಕಿ ಕೂತಳು. ಹಳೇ ದನಿ ಬಂದಿತ್ತು. "ಕಾಲು ಹತ್ರ ತಗಳ್ರಿ. ಅಷ್ಟಲ್ಲ. ಸ್ವಲ್ಪ ಬಿಡ್ರಿ. ಹಳಿ ಇದ್ದಂಗೆ ಇರ್ಬೇಕು."

"ಮೀಟರ್ ಗೇಜಾ, ಬ್ರಾಡ್ ಗೇಜಾ?" ಎಂದೆ.

ಅವಳು ನನ್ನನ್ನೇ ನೋಡಿದಳು. ಅಷ್ಟು ಉದ್ದದ ಮಾತು ನಾನು ಆಡಿ ಬಹಳ ದಿನವಾಗಿತ್ತು.

"ಕೂಸಿನ ಗೇಜು. ಅಲುಗಾಡಬ್ಯಾಡ್ರಿ."

ಮಗುವನ್ನು ನನ್ನ ಕಾಲ ಮೇಲೆ ಬೋರಲು ಮಲಗಿಸಿದರು. ಅಂಗೈಯಷ್ಟು ಬೆನ್ನು. ಅವಳು ಸ್ಟೂಲಿನ ಮೇಲಿಂದಲೇ ಬಗ್ಗಿ ಎಣ್ಣೆ ತಿಕ್ಕಿದಳು. ನೀರನ್ನು ಮೊದಲು ನನ್ನ ಕಾಲಿಗೆ ಹುಯ್ದಳು.

"ಸುಡ್ತೈತಾ?"

"ಹೂಂ."

"ಹಂಗಾದ್ರೆ ಸ್ವಲ್ಪ ತಣ್ಣೀರು ಬೆರೆಸ್ತೀನಿ."

ಬೆರೆಸಿ ಮಗುವಿಗೆ ಹುಯ್ದಳು. ಮಗು ಕಿರುಚಿತು. ಮಗಳೂ ಕಿರುಚಿದಳು. ಅಳಿಯ ಟಬ್ಬನ್ನು ಎತ್ತಿ ಎದೆಗೆ ಹಿಡಿದುಕೊಂಡ. ಅವಳು ನೀವುತ್ತಾ, ತಟ್ಟುತ್ತಾ, ಹುಯ್ಯುತ್ತಾ ಹೋದಳು. ತೊಟ್ಟಿಯಲ್ಲಿ ನೋಡಿದ್ದೆನಲ್ಲ, ಅದೇ ಕೈ. ಮಗುವನ್ನು ಅಂಗಾತ ಮಾಡಿದಳು. ಅದರ ಅಳು ನಿಂತಿತು. ನನ್ನ ಮುಖವನ್ನೇ ನೋಡಿತು. ಕಣ್ಣು ಜೋಂಪಿಗೆ ಎಳೆಯುತ್ತಿತ್ತು.

ಆಗ ಕೆಳಗಿನಿಂದ ಒಂದು ಧಾರೆ ಎದ್ದಿತು. ನೇರವಾಗಿ ನನ್ನ ಎದೆಗೆ ಬಂತು, ಗದ್ದಕ್ಕೆ ಬಂತು, ಮೀಸೆಗೆ ಬಂತು. ಅಲುಗಾಡುವ ಹಾಗಿರಲಿಲ್ಲ. ಬಾಯಿ ಮುಚ್ಚಿ ಕೂತೆ. ಅದೊಂದು ನನಗೆ ಮೊದಲೇ ಅಭ್ಯಾಸವಿತ್ತು.

ಅವಳ ಕೈಯಿಂದ ಚೊಂಬು ಬಿತ್ತು. ಸ್ಟೂಲಿನ ಮೇಲೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

"ಬಿಸಿನೀರಿನ ಬುಗ್ಗೆ ಅಂತ ಕೊಂಕಣಕ್ಕೆ ಹೋಗಿದ್ವಲ್ರೀ! ಇಲ್ಲೇ ಐತೆ!"

ಬಿಸಿಯಾಗಿಯೇ ಇತ್ತು.

ಬಾಣಂತನ ಮುಗಿಯುವ ತನಕ ದಿನವೂ ನನ್ನ ಕಾಲ ಮೇಲೇ ಅವಳು ಮೊಮ್ಮಗನಿಗೆ ನೀರು ಹಾಕಿದಳು. ಟಬ್ಬಿನಲ್ಲಿ ಬಟ್ಟೆ ನೆನೆಹಾಕಿದರು.